ಆರೋಗ್ಯ ವಿಚಾರ: ದಣಿವಿಗೆ ದೀಪ ಮದ್ದೆ?

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗವಿರುವ ತಮ್ಮ ಸೊಸೆಗೆ ದಣಿವು ವಿಪರೀತವೆಂದೂ, ಬೆಳಕಿನ ಪೆಟ್ಟಿಗೆಯೊಂದನ್ನು ಕೊಂಡು ಅದರೆದುರು ಕೂರಿಸಿದರೆ ಗುಣ ಕಂಡೀತೆ ಎಂದೂ ವಾಚಕ ಸೋದರಿಯೊಬ್ಬರು ಕೇಳಿದ್ದಾರೆ. ಪ್ರಶ್ನೆ ಒಬ್ಬರದಾದರೂ ಉತ್ತರ ಹಲವರಿಗೆ ಬೇಕಾದೀತೆಂದು ಇಲ್ಲಿ ನಾಲ್ಕು ಮಾತು ಬರೆಯುತ್ತಿದ್ದೇವೆ.

ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆಯಿರುವಂತೆ ಮಿದುಳು, ಬೆನ್ನುಹುರಿಗಳ ನರತಂತುಗಳಿಗೂ ಮಯಲಿನ್ ಎಂಬ ಹೊದಿಕೆಯುಂಟು. ರೋಗಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ ಈ ಹೊದಿಕೆಯನ್ನು ಕೆಡಿಸುವುದು ಈ ರೋಗದ ರೀತಿ. ಪ್ಯಾರಿಸಿನ ವೈದ್ಯ ಶಾರ್ಕೊ 1868ರಲ್ಲಿಯೇ ಇದನ್ನು ವಿವರಿಸಿದರು. ಸಾಮಾನ್ಯವಾಗಿ 20ರಿಂದ 40ರ ಪ್ರಾಯದಲ್ಲಿ ತಲೆದೋರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ರೋಗಿಗಳಲ್ಲಿ ಬಹುಮಂದಿಯನ್ನು ದಣಿವು ಕಾಡುತ್ತದೆ. ರಾತ್ರಿ ಚೆನ್ನಾಗಿ ನಿದ್ರಿಸಿ ಎದ್ದರೂ ಮೈಯಲ್ಲಿ ಕಸುವಿಲ್ಲ. ನೋಡುವವರಿಗೆ ಮಾತ್ರ ಏನೂ ಕಾಣದು. ಆದ್ದರಿಂದಲೇ ‘ಸೋಮಾರಿ’ ಎಂಬ ಮಾತು ಬಲು ಬೇಗ ಹುಟ್ಟುತ್ತದೆ.

ಇನ್ನು ದೀಪದ ವಿಚಾರ. ಚಳಿಗಾಲದಲ್ಲಿ ಮಂಕು ಕವಿಯುವ ಮನಸ್ಸಿಗೆ ಪ್ರಖರ ಬೆಳಕು ಹಿತವೆಂದು 1984ರಲ್ಲಿ ಅಮೆರಿಕದ ರೋಸೆಂಥಾಲ್ ಮತ್ತು ಸಂಗಡಿಗರು ತೋರಿಸಿದ್ದರು. ಅದೇ ಉಪಾಯವನ್ನು ಈ ದಣಿವಿಗೂ ಪ್ರಯೋಗಿಸಿ ಬಾಸ್ಟನ್ನಿನ ವೈದ್ಯರು 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರನ್ನು 10,000 ಲಕ್ಸಿನ ಬಿಳಿ ದೀಪದೆದುರು, ಉಳಿದವರನ್ನು 300 ಲಕ್ಸಿಗೂ ಕಡಿಮೆಯ ಮಂದ ಕೆಂಪು ದೀಪದೆದುರು, ದಿನಕ್ಕೆರಡು ಬಾರಿ ಒಂದೊಂದು ಗಂಟೆ, ನಾಲ್ಕು ವಾರ ಕೂರಿಸಿದರು. ಎರಡೂ ಗುಂಪಿನವರ ದಣಿವು ಇಳಿಯಿತು. ಬಿಳಿ ದೀಪ ಮೇಲೆಂದು ಸಿದ್ಧವಾಗಲಿಲ್ಲ. ದಿನಕ್ಕೆರಡು ಹೊತ್ತು ಯಾರ ಗೊಡವೆಯೂ ಇಲ್ಲದೆ ಕುಳಿತದ್ದೇ ಗುಣ ಕೊಟ್ಟಿರಬಹುದೆ? ಇದು ನಮ್ಮ ಊಹೆಯಷ್ಟೆ.

ಬಿಸಿಲಿಗೆ ಬರವಿಲ್ಲದ ಮುಂಬಯಿ, ಮದರಾಸುಗಳಲ್ಲಿ ದೀಪವೇಕೆ ಎನ್ನುವವರೂ ಉಂಟು. ಎಚ್ಚರಿಕೆ ಬೇಕು. ಮೈ ಬಿಸಿಯಾದರೆ ಹೊದಿಕೆ ಕಳೆದ ನರಗಳ ಕೆಲಸ ಇನ್ನೂ ಕುಂಠಿತವಾಗುತ್ತದೆ; ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹಾಫ್ 1890ರಲ್ಲಿಯೇ ಇಂಥದನ್ನು ಗಮನಿಸಿದ್ದರು. ಬೆಳಗಿನ ತಂಪು ಬೆಳಕಿನಲ್ಲಿ ಕುಳಿತರೆ ಸಾಕು, ಉರಿಬಿಸಿಲು ಬೇಡ.

ದೀಪ ಕೊಳ್ಳುವ ಮುನ್ನ ವೈದ್ಯರನ್ನು ಕೇಳಿರಿ. ಕಣ್ಣಿನ ದೋಷವಿದ್ದವರಿಗೂ, ಮನಸ್ಸು ಅತಿಯಾಗಿ ಏರಿಳಿಯುವವರಿಗೂ ಪ್ರಖರ ಬೆಳಕು ಅಪಾಯ ತಂದೀತು. ರಕ್ತಹೀನತೆ, ಥೈರಾಯಿಡ್ ದೋಷ, ನಿದ್ರೆಯ ಕೊರತೆಗಳೂ ದಣಿವನ್ನು ಹೆಚ್ಚಿಸುವುದರಿಂದ ಅವನ್ನೂ ಪರೀಕ್ಷಿಸಿಕೊಳ್ಳುವುದು ಲೇಸು.

ಸೋದರಿ, ಪರವೂರಿನ ಸಂಸಾರದಲ್ಲಿ ಸೊಸೆಗೆ ತವರು ದೂರ. ಕೈಯಾಸರೆಗೆ ಅತ್ತಿಗೆ ನಾದಿನಿಯರಿಲ್ಲ, ಇರುವವರು ನೀವೇ. ಕಷ್ಟದ ಕೆಲಸ ಬೆಳಗಿನ ತಂಪಿನಲ್ಲಿ ಮುಗಿಯಲಿ, ತರಕಾರಿಯನ್ನು ಕುಳಿತು ಹೆಚ್ಚಲಿ, ಮಧ್ಯಾಹ್ನ ಒಂದು ಗಂಟೆ ಅಡಿಗೆಮನೆಯಿಂದ ಯಾರೂ ಕೂಗದಿರಲಿ. ‘ನನ್ನಿಂದಾಗದು’ ಎಂದು ಆಕೆ ಹೇಳಿದಾಗ ನಂಬಿರಿ. ಇದಕ್ಕೆ ಕಾಸಿನ ಖರ್ಚಿಲ್ಲ. ವೈದ್ಯರ ಚೀಟಿಯೂ ಬೇಕಿಲ್ಲ.