ರೂಟರ್‌ಗೂ ಇರಲಿ ಮುಕ್ತಾಯದ ದಿನಾಂಕ

ಕಮರ್ಷಿಯಲ್ ಸ್ಟ್ರೀಟ್‌ನ ಬಟ್ಟೆ ಅಂಗಡಿ, ಹಲಸೂರಿನ ಲೆಕ್ಕಪರಿಶೋಧಕರ ಕಚೇರಿ, ಇಂದಿರಾನಗರದ ದಂತವೈದ್ಯರ ಕ್ಲಿನಿಕ್, ಕೆ.ಆರ್. ಪುರದ ಬಿಡಿಭಾಗಗಳ ಕಾರ್ಖಾನೆ. ಇವುಗಳ ವಹಿವಾಟು ಬೇರೆ ಬೇರೆಯಾದರೂ ಅಂತರ್ಜಾಲವಿಲ್ಲದೆ ಒಂದು ದಿನವೂ ನಡೆಯಲಾರವು. ಆ ಸಂಪರ್ಕಕ್ಕೆ ಹೆಬ್ಬಾಗಿಲಾಗಿರುವುದು ಮೂಲೆಯಲ್ಲಿ ಧೂಳು ಹಿಡಿದು ಕುಳಿತ ಪುಟ್ಟ ರೂಟರ್. ಗಿರಾಕಿಗಳ ಪ್ಯಾನ್ ಸಂಖ್ಯೆ, ರೋಗಿಗಳ ವಿವರ, ಜಿಎಸ್‌ಟಿ ಲೆಕ್ಕ, ಸಂಬಳದ ಪಟ್ಟಿ ಎಲ್ಲವೂ ಈ ಬಾಗಿಲಿನ ಹಿಂದಿವೆ.

‘ಫೈರ್‌ವಾಲ್ ಇರುವ ರೂಟರ್ ಕೊಳ್ಳಬೇಕು, ಮೂರು ದರಪಟ್ಟಿ ಬಂದಿವೆ, ಯಾವುದಾಗಬಹುದು?’ ಎಂದು ಪರಿಚಿತ ಉದ್ಯಮಿಗಳು ನನ್ನನ್ನು ಕೇಳುವುದುಂಟು. ನಾನು ಎಂಜಿನಿಯರ್ ಅಲ್ಲ; ಸರ್ಕಾರಿ ಸೇವೆಯಲ್ಲಿ ಖರೀದಿ ಸಮಿತಿಗಳಲ್ಲಿ ಕುಳಿತ ಅನುಭವ ಮಾತ್ರ ಇದೆ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವು ಟೆಂಡರ್‌ಗೆ ಒಂದು ಶಿಸ್ತು ತಂದಿತು. ಆದರೆ ಹೋಲಿಸುವ ಸರಕುಗಳು ಒಂದೇ ಬಗೆಯವಾಗಿದ್ದಾಗ ಮಾತ್ರ ಕನಿಷ್ಠ ದರವು ನ್ಯಾಯವಾದ ಮಾನದಂಡವಾಗುತ್ತದೆ. ಸಿಮೆಂಟಿಗೆ ಅದು ಸಲ್ಲುತ್ತದೆ, ಫೈರ್‌ವಾಲ್‌ಗೆ ಸಲ್ಲದು. ನೋಡಲು ಅದು ಸರಕು. ವಾಸ್ತವದಲ್ಲಿ ನಾವು ಕೊಳ್ಳುವುದು ಹಲವು ವರ್ಷಗಳ ಸೇವೆಯನ್ನು.

ಫೈರ್‌ವಾಲ್‌ನ ಮೂಲ ಕೆಲಸ ಸರಳ. ಒಳಗಿನವರು ಕೇಳಿದ್ದಕ್ಕೆ ಬಂದ ಉತ್ತರವನ್ನು ಒಳಬಿಡುವುದು, ಕರೆಯದೆ ಬಂದುದನ್ನು ತಡೆಯುವುದು. ಆದರೆ ಸಿ.ಸಿ. ಕ್ಯಾಮೆರಾವನ್ನು ಮನೆಯಿಂದ ನೋಡಲೆಂದೋ, ಕಚೇರಿಯ ಕಂಪ್ಯೂಟರನ್ನು ದೂರದಿಂದ ಬಳಸಲೆಂದೋ ನಾವೇ ಅದರಲ್ಲಿ ಕಿಂಡಿಗಳನ್ನು ತೆರೆಯುತ್ತೇವೆ. ಇನ್ನು ಕಾವಲುಗಾರನ ತಂತ್ರಾಂಶದಲ್ಲಿಯೇ ದೋಷ ಪತ್ತೆಯಾಗುವುದೂ ಅಪರೂಪವಲ್ಲ. 2018ರಲ್ಲಿ ಬೆಳಕಿಗೆ ಬಂದ ‘ವಿಪಿಎನ್‌ಫಿಲ್ಟರ್’ ಎಂಬ ಕುತಂತ್ರಾಂಶವು 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ಸಾಧನಗಳಿಗೆ ಹರಡಿತ್ತು. ಅವುಗಳಲ್ಲಿ ಬಹುಪಾಲು ಮನೆ ಹಾಗೂ ಸಣ್ಣ ಕಚೇರಿಗಳ ರೂಟರ್‌ಗಳೇ. ತಯಾರಕರು ದೋಷ ತಿದ್ದುವ ತಂತ್ರಾಂಶವನ್ನು ನಿಲ್ಲಿಸಿದ ದಿನ, ಪೆಟ್ಟಿಗೆಯ ದೀಪ ಎಂದಿನಂತೆ ಮಿನುಗುತ್ತಿದ್ದರೂ ಅದರ ಕಾವಲು ಮುಗಿದಂತೆಯೇ.

ಆದ್ದರಿಂದ ದರ ನೋಡುವ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ. ತಿದ್ದುಪಡಿ ತಂತ್ರಾಂಶ ಯಾವ ವರ್ಷದವರೆಗೆ ಬರುತ್ತದೆ? ವಾರ್ಷಿಕ ಚಂದಾ ಎಷ್ಟು, ಅದನ್ನು ನವೀಕರಿಸದಿದ್ದರೆ ಯಾವ ರಕ್ಷಣೆ ನಿಲ್ಲುತ್ತದೆ? ಎಲ್ಲ ತಪಾಸಣೆಗಳನ್ನೂ ಚಾಲೂ ಮಾಡಿದಾಗ ವೇಗ ಎಷ್ಟು? ಜಾಹೀರಾತಿನ ದೊಡ್ಡ ಅಂಕಿ ಸಾಮಾನ್ಯವಾಗಿ ತಪಾಸಣೆಯಿಲ್ಲದ ವೇಗದ್ದು. ಗಿರಾಕಿಗಳ ವೈಫೈ ಮತ್ತು ಕ್ಯಾಮೆರಾಗಳನ್ನು ಲೆಕ್ಕಪತ್ರದ ಕಂಪ್ಯೂಟರ್‌ಗಳಿಂದ ಬೇರ್ಪಡಿಸಬಹುದೇ? ಪಾಸ್‌ವರ್ಡ್ ಯಾರ ಬಳಿ ಇರುತ್ತದೆ? ಪಿಎಫ್‌ಸೆನ್ಸ್, ಓಪಿಎನ್‌ಸೆನ್ಸ್‌ನಂಥ ಮುಕ್ತ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ನಿಜ. ಆದರೆ ಅವನ್ನು ನೋಡಿಕೊಳ್ಳುವವರ ಸಂಬಳ ಉಚಿತವಲ್ಲ.

ನನ್ನ ಆಕ್ಷೇಪ ಇರುವುದು ಇನ್ನೊಂದು ಕಡೆ. 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸರ್ಟ್-ಇನ್ ಸಂಸ್ಥೆ ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ದಾಖಲೆ ಇಟ್ಟಿರಬೇಕು. ಅಷ್ಟು ದಿನಗಳ ದಾಖಲೆಯನ್ನು ಅಗ್ಗದ ರೂಟರ್ ತನ್ನೊಳಗೆ ಉಳಿಸಿಕೊಳ್ಳಲಾರದು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯು ಸೂಕ್ತ ರಕ್ಷಣಾ ಕ್ರಮ ಕೈಗೊಳ್ಳದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡದ ಅವಕಾಶ ಕಲ್ಪಿಸಿದೆ. ಹೊಣೆಯೆಲ್ಲ ಕೊಂಡವನ ಮೇಲೆ. ಮಾರುವವನು ತನ್ನ ಪೆಟ್ಟಿಗೆಯ ಆಯುಷ್ಯವನ್ನಾದರೂ ಹೇಳಬೇಡವೇ? ನಾನು ಕಂಡ ಯಾವ ರೂಟರ್ ಪೆಟ್ಟಿಗೆಯ ಮೇಲೂ ಆ ದಿನಾಂಕವಿರಲಿಲ್ಲ.

ಇದನ್ನು ಮಾರುಕಟ್ಟೆ ತಾನಾಗಿ ಸರಿಪಡಿಸದು. 2016ರ ‘ಮಿರಾಯ್’ ದಾಳಿಯಲ್ಲಿ ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೂಟರ್‌ಗಳು ದಾಳಿಕೋರರ ಸೈನ್ಯವಾದವು. ಅವುಗಳ ಒಡೆಯರಿಗೆ ಅದು ತಿಳಿಯಲೂ ಇಲ್ಲ; ನಷ್ಟವಾದುದು ಬೇರೆಯವರಿಗೆ. ಅರ್ಥಶಾಸ್ತ್ರ ಇದನ್ನು ಬಾಹ್ಯ ಪರಿಣಾಮ ಎನ್ನುತ್ತದೆ. ಇಂಥಲ್ಲಿ ನಿಯಮವೇ ಬೇಕು. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ, ಗ್ರಾಹಕರಿಗೆ ಮಾರುವ ಅಂತರ್ಜಾಲ ಸಂಪರ್ಕಿತ ಸಾಧನಗಳಿಗೆ ಸುರಕ್ಷತಾ ತಿದ್ದುಪಡಿ ಎಷ್ಟು ಕಾಲ ಸಿಗುತ್ತದೆಂದು ತಯಾರಕರು ಪ್ರಕಟಿಸುವುದು ಕಡ್ಡಾಯವಾಗಿದೆ. ಎಲ್ಲ ಸಾಧನಗಳಿಗೂ ಒಂದೇ ಸುಲಭ ಪಾಸ್‌ವರ್ಡ್ ಇಡುವಂತಿಲ್ಲ.

ದೂರಸಂಪರ್ಕ ಸಾಧನಗಳ ಸುರಕ್ಷತೆಯನ್ನು ಪ್ರಮಾಣೀಕರಿಸುವ ರಾಷ್ಟ್ರೀಯ ಸಂವಹನ ಸುರಕ್ಷತಾ ಕೇಂದ್ರ ಇರುವುದು ಬೆಂಗಳೂರಿನಲ್ಲಿಯೇ. 1948ರಲ್ಲಿ ಐಟಿಐ ಸ್ಥಾಪನೆಯಾಗಿ ಕೆ.ಆರ್. ಪುರದ ಬಳಿ ದೂರವಾಣಿನಗರವೇ ಬೆಳೆದ ಊರಿದು. ಔಷಧದ ಪಟ್ಟಿಯ ಮೇಲೆ ಇರುವಂತೆ ರೂಟರ್‌ನ ಮೇಲೂ ಮುಕ್ತಾಯದ ದಿನಾಂಕ ಮುದ್ರಿಸಬೇಕೆಂಬ ನಿಯಮಕ್ಕೆ ಇಲ್ಲಿಂದಲೇ ಒತ್ತಾಯ ಬರಲಿ. ಅಲ್ಲಿಯವರೆಗೆ ನಮ್ಮ ವರ್ತಕರು ಮಾಡಬಹುದಾದದ್ದೊಂದಿದೆ. ವಾಣಿಜ್ಯ ಸಂಕೀರ್ಣಗಳಲ್ಲಿ ಲಿಫ್ಟ್‌ಗೆ, ಜನರೇಟರ್‌ಗೆ ಎಲ್ಲರೂ ಸೇರಿ ವಾರ್ಷಿಕ ನಿರ್ವಹಣಾ ಕರಾರು ಮಾಡಿಕೊಳ್ಳುತ್ತಾರೆ. ಅದೇ ಪಟ್ಟಿಗೆ ಫೈರ್‌ವಾಲ್ ನೋಡಿಕೊಳ್ಳುವ ತಂತ್ರಜ್ಞರೊಬ್ಬರನ್ನೂ ಸೇರಿಸಿದರೆ ಪ್ರತಿ ಅಂಗಡಿಯ ಪಾಲಿಗೆ ಬರುವ ಖರ್ಚು ಹೊರೆಯಾಗದು.