ಸಾರ್ಕೋಮಾ ಮನೋಬಲದ ಪರೀಕ್ಷೆಯಲ್ಲ

ಮೃದು ಅಂಗಾಂಶದ ಕ್ಯಾನ್ಸರ್ ಬಂದವರಲ್ಲಿ ಮನೋಬಲ ಇದ್ದವರು ಗೆಲ್ಲುತ್ತಾರೆ ಎಂದು ಕಳೆದ ಸಂಚಿಕೆಯ ಲೇಖನ ತೀರ್ಪು ಕೊಟ್ಟಿದೆ. ಇದನ್ನು ಒಪ್ಪಲು ಸಾಧ್ಯವಿಲ್ಲ. ಚಿಕಿತ್ಸೆಯನ್ನು ತಾಳಿಕೊಳ್ಳಲು ಧೈರ್ಯ ಬೇಕು, ನಿಜ. ಆದರೆ ತೀರಿಕೊಂಡವರಿಗೆ ಧೈರ್ಯ ಸಾಲಲಿಲ್ಲ ಎಂಬ ಅರ್ಥ ಬರುವಂತೆ ಬರೆಯುವುದು ಅವರ ಮನೆಯವರಿಗೆ ಮಾಡುವ ಅನ್ಯಾಯ.

ಸ್ನಾಯು, ಕೊಬ್ಬು, ನರಗಳಲ್ಲಿ ಹುಟ್ಟುವ ಸಾರ್ಕೋಮಾದ ಗತಿಯನ್ನು ನಿರ್ಧರಿಸುವುದರಲ್ಲಿ ಗ್ರೇಡ್ ಮುಖ್ಯ: ಜೀವಕೋಶಗಳು ಎಷ್ಟು ವಿಕಾರಗೊಂಡಿವೆ, ಎಷ್ಟು ಬೇಗ ವಿಭಜನೆಯಾಗುತ್ತಿವೆ, ಗಡ್ಡೆಯ ಎಷ್ಟು ಭಾಗ ಸತ್ತಿದೆ ಎಂಬ ಲೆಕ್ಕ ಅದು. ಜೊತೆಗೆ ಗಡ್ಡೆಯ ಬಗೆ, ಗಾತ್ರ, ಆಳ, ಜಾಗ, ಶ್ವಾಸಕೋಶಕ್ಕೆ ಹರಡಿದೆಯೇ ಎಂಬುದು. ತೊಡೆಯ ಗಡ್ಡೆಯನ್ನು ಸುತ್ತಲಿನ ಆರೋಗ್ಯವಂತ ಅಂಗಾಂಶದ ಸಮೇತ ತೆಗೆಯುವುದು ಬಹುಪಾಲು ಸಾಧ್ಯ. ಹೊಟ್ಟೆಯ ಹಿಂಭಾಗದಲ್ಲಿ ಅದು ಬಹಳ ಕಷ್ಟ.

ನಮ್ಮ ಕೈಯಲ್ಲಿರುವುದು ಸರಿಯಾದ ಮೊದಲ ಹೆಜ್ಜೆ. ನೋವಿಲ್ಲ, ಕೊಬ್ಬಿನ ಗಂಟಿರಬೇಕು ಎಂದು ಎಂಆರ್‌ಐ, ಬಯಾಪ್ಸಿ ಮಾಡಿಸದೆ ಕೊಯ್ದು ತೆಗೆದರೆ ಕ್ಯಾನ್ಸರ್ ಒಳಗೇ ಉಳಿಯಬಹುದು. ಆಗ ಇನ್ನೂ ದೊಡ್ಡ ಆಪರೇಷನ್ ಬೇಕಾಗುತ್ತದೆ. ಕಾಲು ಹೋಗುತ್ತದೆಂಬ ಭಯಕ್ಕೆ ತಡಮಾಡುವವರೂ ಇದ್ದಾರೆ. ಆದರೆ 43 ರೋಗಿಗಳನ್ನು ಹೋಲಿಸಿದ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಅಧ್ಯಯನವೊಂದು 1982ರಲ್ಲಿ ಪ್ರಕಟವಾಯಿತು. ಅಂಗ ಕಳೆದುಕೊಂಡವರಿಗೂ, ಅಂಗ ಉಳಿಸಿಕೊಂಡು ವಿಕಿರಣ ಪಡೆದವರಿಗೂ ಬದುಕುಳಿಯುವ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಓದುಗರಿಗೆ ಹೇಳಬೇಕಾದದ್ದು ಇದು: ಗಂಟು 5 ಸೆಂ.ಮೀ. ಮೀರಿದ್ದರೆ, ಆಳದಲ್ಲಿದ್ದರೆ, ಬೆಳೆಯುತ್ತಿದ್ದರೆ, ಯಾರೇ ಕತ್ತಿ ಹಾಕುವ ಮೊದಲು ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ ತೋರಿಸಿ.