ನೆನೆದು ಬಂದವರಿಗೆ ಒಣ ಬಟ್ಟೆ

ಚಳಿಮಳೆಯಲ್ಲಿ ಸೈಕಲ್ ತುಳಿಯುವವರು ನೆನೆಯದೆ, ನಡುಗದೆ ಊರು ಸೇರುವುದು ಹೇಗೆ? ಕೇಳಿದರೆ ಎಲ್ಲರೂ ಅಂಗಡಿಯ ಕಡೆ ಕೈ ತೋರಿಸುತ್ತಾರೆ. ಒಳ್ಳೆ ರೈನ್‌ಕೋಟು ತಗೊಳ್ಳಿ, ಜರ್ಕಿನ್ ಹಾಕಿಕೊಳ್ಳಿ ಎನ್ನುತ್ತಾರೆ. ಈ ಸಲಹೆ ತಪ್ಪಲ್ಲ, ಆದರೆ ಸಾಲದು. ಅರ್ಧ ಗಂಟೆ ಮಳೆಯಲ್ಲಿ ತುಳಿದವರು ಯಾವ ಕೋಟು ಹಾಕಿದ್ದರೂ ನೆನೆದೇ ನೆನೆಯುತ್ತಾರೆ, ಹೊರಗಿನ ನೀರಿನಿಂದಲೋ ಒಳಗಿನ ಬೆವರಿನಿಂದಲೋ. ತುಳಿಯುತ್ತಿರುವಷ್ಟು ಹೊತ್ತು ಅದರಿಂದ ದೊಡ್ಡ ಕೇಡಾಗುವುದಿಲ್ಲ. ಇಳಿದ ಮೇಲೆ ಅದೇ ಒದ್ದೆ ಬಟ್ಟೆಯಲ್ಲಿ ಸಂಜೆಯವರೆಗೆ ಕೂರಬೇಕಾಗುತ್ತದಲ್ಲ, ಕೇಡು ಇರುವುದು ಅಲ್ಲಿ. ಆದ್ದರಿಂದ ಈ ಪ್ರಶ್ನೆಯ ಅರ್ಧ ಭಾಗ ಮಾತ್ರ ತುಳಿಯುವವರದು. ಉಳಿದರ್ಧ, ಅವರು ಹೋಗಿ ಸೇರುವ ಶಾಲೆಯದು, ಕೆಲಸದ ಜಾಗದ್ದು. ಆ ಉಳಿದರ್ಧವನ್ನು ನಾವು ಇಲ್ಲಿಯವರೆಗೆ ಲೆಕ್ಕಕ್ಕೇ ಹಿಡಿದಿಲ್ಲ.

ಉದ್ದನಪಲ್ಲಿಯ ಕಡೆಯಿಂದ ನೋಡಿದರೆ ಇದು ಚೆನ್ನಾಗಿ ಕಾಣಿಸುತ್ತದೆ. ಹೊಸೂರಿನಿಂದ ರಾಯಕೋಟೆಗೆ ಹೋಗುವ ದಾರಿಯಲ್ಲಿರುವ ಈ ಊರು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿದ್ದು. ತಮಿಳುನಾಡು ಎಂದೊಡನೆ ಬಿಸಿಲು, ಸೆಖೆ ನೆನಪಾಗುವವರಿಗೆ ಈ ಸೀಮೆಯ ಹವೆ ಗೊತ್ತಿಲ್ಲ. ಹೊಸೂರು ಸಮುದ್ರಮಟ್ಟದಿಂದ ಸುಮಾರು 880 ಮೀಟರ್ ಎತ್ತರದಲ್ಲಿದೆ, ಬೆಂಗಳೂರಿನಷ್ಟೇ ಎನ್ನಬಹುದು. ಪೂರ್ವಕ್ಕೆ ಶೂಳಗಿರಿ ದಾಟಿ ಘಾಟಿ ಇಳಿದರೆ ಕೃಷ್ಣಗಿರಿ ಸಿಗುತ್ತದೆ, ಅಲ್ಲಿ ಗಾಳಿಯೇ ಬೇರೆ. ಕನ್ನಡ, ತೆಲುಗು, ತಮಿಳು ಮೂರೂ ಬಾಯಲ್ಲಿ ಓಡಾಡುವ ಈ ಮೇಲಿನ ನೆಲಕ್ಕೆ ಮುಂಗಾರೂ ಬರುತ್ತದೆ, ಹಿಂಗಾರೂ ಬರುತ್ತದೆ. ಚಿತ್ತೆ, ಸ್ವಾತಿ ಮಳೆಗಳು ಮುಗಿಯುವ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತೆಂದರೆ ಇಲ್ಲಿ ಮೂರು ದಿನ ಬಿಸಿಲೇ ಇರುವುದಿಲ್ಲ. ಸಣ್ಣ ಸೋನೆ ಹಿಡಿದುಕೊಳ್ಳುತ್ತದೆ, ಮೂಡಗಾಳಿ ಬೀಸುತ್ತದೆ, ಹಗಲಿನಲ್ಲೂ ಮೈ ಬೆಚ್ಚಗಾಗುವುದಿಲ್ಲ. ಹಗ್ಗದ ಮೇಲೆ ಹಾಕಿದ ಬಟ್ಟೆ ಎರಡನೆಯ ದಿನವೂ ಒದ್ದೆಯಾಗಿಯೇ ಇರುತ್ತದೆ. 2024ರ ಡಿಸೆಂಬರ್ ಮೊದಲ ವಾರದಲ್ಲಿ ಫೆಂಗಲ್ ಚಂಡಮಾರುತದ ಬಾಲ ಇದೇ ಜಿಲ್ಲೆಯ ಊತ್ತಂಗರೆಯಲ್ಲಿ ಒಂದೇ ದಿನ 50 ಸೆಂಟಿಮೀಟರ್ ಮಳೆ ಸುರಿಸಿ ವಾಹನಗಳನ್ನು ಕೊಚ್ಚಿಕೊಂಡು ಹೋಯಿತು. ಅಂಥ ಮಳೆ ಬಂದಾಗ ಯಾರೂ ಸೈಕಲ್ ತೆಗೆಯುವುದಿಲ್ಲ. ನಾನು ಹೇಳುತ್ತಿರುವುದು ಯಾವ ಪತ್ರಿಕೆಯಲ್ಲೂ ಸುದ್ದಿಯಾಗದ ಜಿಟಿಜಿಟಿ ಮಳೆಯ ಬಗ್ಗೆ.

ಆ ಮಳೆಯಲ್ಲಿ ಇಂದು ಸೈಕಲ್ ತುಳಿಯುವವರು ಯಾರು? ಹೊಸೂರಿನ ಕಾರ್ಖಾನೆಯಿಂದಲೇ 1980ರಲ್ಲಿ ಟಿವಿಎಸ್ 50 ಮೊಪೆಡ್ ಹೊರಬಂದಿತು. ಹಾಲಿನ ಕ್ಯಾನು, ಹೂವಿನ ಮೂಟೆ, ಟೊಮೆಟೊ ಕ್ರೇಟು ಎಲ್ಲವೂ ನಿಧಾನಕ್ಕೆ ಸೈಕಲ್ಲಿನ ಕ್ಯಾರಿಯರ್ ಬಿಟ್ಟು ಮೊಪೆಡ್ಡಿಗೆ ಏರಿದವು. ಈಗ ಸೈಕಲ್ ಉಳಿದಿರುವುದು ಹೆಚ್ಚಾಗಿ ವಯಸ್ಸಾದವರ, ಕೂಲಿಯವರ ಮತ್ತು ಶಾಲೆಯ ಮಕ್ಕಳ ಕೈಯಲ್ಲಿ. ಮಕ್ಕಳ ಕೈಗೆ ಅದನ್ನು ಕೊಟ್ಟದ್ದು ಸರ್ಕಾರ. ತಮಿಳುನಾಡಿನಲ್ಲಿ ಉಚಿತ ಸೈಕಲ್ ಯೋಜನೆ 2001-02ರಲ್ಲಿ ಪರಿಶಿಷ್ಟ ಜಾತಿ, ಪಂಗಡದ ಹೆಣ್ಣುಮಕ್ಕಳಿಗೆಂದು ಶುರುವಾಯಿತು. ಆಮೇಲೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಹನ್ನೊಂದನೇ ತರಗತಿಯ ಮಕ್ಕಳಿಗೆಲ್ಲ ವಿಸ್ತರಿಸಿತು. ಗಡಿಯ ಆಚೆ ಕರ್ನಾಟಕದಲ್ಲೂ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲಾಗುತ್ತಿತ್ತು. ಬಿಹಾರದಲ್ಲಿ 2006ರಲ್ಲಿ ಹೆಣ್ಣುಮಕ್ಕಳಿಗೆ ಸೈಕಲ್ ಕೊಟ್ಟ ಯೋಜನೆಯನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಧ್ಯಯನ ಮಾಡಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಅದರಿಂದ ಶೇಕಡಾ 32ರಷ್ಟು ಹೆಚ್ಚಿತೆಂದು ಅವರು ಕಂಡುಕೊಂಡರು. ಹೆಚ್ಚಿನ ಲಾಭ ಆದದ್ದು ಪ್ರೌಢಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ. ಸೈಕಲ್ಲಿನಿಂದ ಯಾರ ಬದುಕು ಹೆಚ್ಚು ಬದಲಾಯಿತೋ ಅವರೇ ಹೆಚ್ಚು ದೂರ ತುಳಿಯುವವರು, ಅವರೇ ಹೆಚ್ಚು ನೆನೆಯುವವರು.

ಮೈಯ ಲೆಕ್ಕಕ್ಕೆ ಬರೋಣ. ಸೈಕಲ್ ತುಳಿಯುವಾಗ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಚಕ್ರಕ್ಕೆ ಹೋಗುವುದು ನಾಲ್ಕರಲ್ಲೊಂದು ಪಾಲು, ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಮಿಕ್ಕದ್ದೆಲ್ಲ ಶಾಖವಾಗುತ್ತದೆ. ಅದಕ್ಕೇ ಏರುದಾರಿಯಲ್ಲಿ ನೆನೆದವರಿಗೂ ಚಳಿ ಹತ್ತುವುದಿಲ್ಲ. ಇಳಿಜಾರಿನಲ್ಲಿ ಕಾಲು ಸುಮ್ಮನಾಗುತ್ತದೆ, ಶಾಖ ಹುಟ್ಟುವುದು ನಿಲ್ಲುತ್ತದೆ, ವೇಗ ಹೆಚ್ಚಿ ಎದೆಗೆ ಗಾಳಿ ಬಡಿಯುತ್ತದೆ. ಗಾಳಿಯಿಲ್ಲದ ದಿನವೂ ಸೈಕಲ್ಲಿನವರು ತಮ್ಮ ಗಾಳಿಯನ್ನು ತಾವೇ ಎಬ್ಬಿಸಿಕೊಳ್ಳುತ್ತಾರೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಹತ್ತಿಯ ಬಟ್ಟೆ ನೀರು ಕುಡಿದು ಮೈಗೆ ಅಂಟಿಕೊಂಡರೆ ಆ ಸಾಗಣೆಗೆ ಹೆದ್ದಾರಿ ಹಾಕಿಕೊಟ್ಟ ಹಾಗೆ. ಮೊದಲು ಸೋಲುವುದು ಬೆರಳು. ಬೆರಳು ಮರಗಟ್ಟಿದರೆ ಬ್ರೇಕು ಹಿಡಿಯಲು ಬಲ ಸಾಲದು. ಒದ್ದೆ ಉಕ್ಕಿನ ರಿಮ್ಮಿನ ಮೇಲೆ ಬ್ರೇಕಿನ ರಬ್ಬರು ಮೊದಲೇ ಜಾರುತ್ತದೆ. ಹೊಸೂರು–ರಾಯಕೋಟೆ ರಸ್ತೆಯಲ್ಲಿ ಲಾರಿಗಳು ನೀರು ಚಿಮ್ಮಿಸಿಕೊಂಡು ಹೋಗುವಾಗ ಈ ಎರಡೂ ಸೇರಿದರೆ ಅದು ಬರೀ ಚಳಿಯ ಮಾತಾಗಿ ಉಳಿಯುವುದಿಲ್ಲ, ಜೀವದ ಮಾತಾಗುತ್ತದೆ.

ರೈನ್‌ಕೋಟು ಇದಕ್ಕೆ ಎಷ್ಟು ಮದ್ದು? ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ರಬ್ಬರು ಲೇಪಿಸಿದ ಬಟ್ಟೆಗೆ ಪೇಟೆಂಟ್ ಪಡೆದಾಗಿನಿಂದ ಒಂದು ತೊಡಕು ಹಾಗೇ ಇದೆ: ನೀರನ್ನು ಒಳಗೆ ಬಿಡದ ಬಟ್ಟೆ ಬೆವರನ್ನು ಹೊರಗೂ ಬಿಡುವುದಿಲ್ಲ. 1969ರಲ್ಲಿ ಬಾಬ್ ಗೋರ್ ಕಂಡುಹಿಡಿದ ಪೊರೆಯಿಂದ ಮಾಡಿದ ಗೋರ್‌ಟೆಕ್ಸ್ ಬಟ್ಟೆ ಆವಿಯನ್ನು ಹೊರಕ್ಕೆ ಬಿಟ್ಟು ಹನಿಯನ್ನು ತಡೆಯುತ್ತದೆ, ನಿಜ. ಆದರೆ ಅದರ ಬೆಲೆಯಲ್ಲಿ ಇಲ್ಲಿ ಒಂದೆರಡು ಸೈಕಲ್ಲೇ ಬರುತ್ತವೆ. ಮೇಲಾಗಿ ಗಾಳಿಯಲ್ಲೇ ತೇವ ತುಂಬಿದ ದಿನ ಅದರ ಕೆಲಸವೂ ನಿಧಾನ. ನಮ್ಮ ಸಂತೆಯಲ್ಲಿ ಸಿಗುವ ಪ್ಲಾಸ್ಟಿಕ್ ಕೋಟಿನೊಳಗೆ ಇಪ್ಪತ್ತು ನಿಮಿಷ ತುಳಿದರೆ ಅಂಗಿ ಬೆವರಿನಿಂದಲೇ ತೊಯ್ದಿರುತ್ತದೆ.

ಈ ತೊಡಕನ್ನು ಹಳಬರು ಬೇರೆ ದಾರಿಯಿಂದ ಬಿಡಿಸಿದ್ದರು. ಗೊಬ್ಬರದ ಚೀಲವನ್ನೋ ಗೋಣಿಯನ್ನೋ ಮೂಲೆ ಮಡಚಿ ತಲೆಗೆ ಸಿಕ್ಕಿಸಿಕೊಳ್ಳುವ ಕೊಪ್ಪೆ ಮೇಲಿನ ಹನಿಯನ್ನು ತಡೆಯುತ್ತದೆ, ಮುಂಭಾಗವನ್ನೂ ಕೆಳಭಾಗವನ್ನೂ ತೆರೆದೇ ಬಿಡುತ್ತದೆ. ಗಾಳಿ ಆಡುತ್ತದೆ, ಬೆವರು ನಿಲ್ಲುವುದಿಲ್ಲ. ಕುರುಬರು ನೇಯ್ದ ಕರಿಕಂಬಳಿಯ ಗುಣ ಇನ್ನೂ ದೊಡ್ಡದು. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ನೆನೆದಾಗಲೂ ಎಳೆಗಳು ಸೊರಗಿ ಅಂಟಿಕೊಳ್ಳದೆ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಕುರಿ ಕಾಯುವವರು ದಿನವಿಡೀ ಮಳೆಯಲ್ಲಿ ನಿಂತು ಬದುಕಿದ್ದು ಈ ಗುಣದಿಂದಲೇ. ಕಂಬಳಿ ಹೊದ್ದು ಸೈಕಲ್ ತುಳಿಯಿರಿ ಎಂದು ನಾನು ಹೇಳುತ್ತಿಲ್ಲ, ಅದರ ಅಂಚು ಚಕ್ರಕ್ಕೆ ಸಿಕ್ಕಿಕೊಂಡೀತು. ಆ ಎರಡರ ಗುಣವನ್ನು ಮಾತ್ರ ತೆಗೆದುಕೊಳ್ಳಬೇಕು. ಮೈಗೆ ತಾಗುವಂತೆ ತೆಳು ಉಣ್ಣೆಯದೋ ಉಣ್ಣೆ ಬೆರೆಸಿದ್ದೋ ಒಂದು ಸ್ವೆಟರು, ಅದರ ಮೇಲೆ ಸಡಿಲವಾದ, ಕೆಳಗೆ ಬಿಚ್ಚಿಕೊಂಡ ಹೊದಿಕೆ. ಗುಂಡಿ ಕುತ್ತಿಗೆಯವರೆಗೆ ಬಿಗಿಯದೆ ಏರಿನಲ್ಲಿ ಬಿಚ್ಚಬೇಕು, ಇಳಿಜಾರಿನಲ್ಲಿ ಹಾಕಬೇಕು. ಟೂರ್ ಡಿ ಫ್ರಾನ್ಸ್ ಪಂದ್ಯದ ಸವಾರರು ಬೆಟ್ಟದ ತುದಿಯಲ್ಲಿ ಜನರ ಕೈಯಿಂದ ದಿನಪತ್ರಿಕೆ ಇಸಿದುಕೊಂಡು ಅಂಗಿಯೊಳಗೆ ಎದೆಗೆ ಸೇರಿಸಿಕೊಂಡು ಇಳಿಯುತ್ತಿದ್ದರು. ಕಾಸಿಲ್ಲದ ಈ ಉಪಾಯ ರಾಯಕೋಟೆ ದಾರಿಯಲ್ಲೂ ನಡೆಯುತ್ತದೆ. ಕೈಗೆ ಹತ್ತಿಯ ಗ್ಲೌಸಿಗಿಂತ ಪ್ಲಾಸ್ಟಿಕ್ ಕವರು ಮೇಲು. ಕಾಲಿಗೆ ಬೂಟಿಗಿಂತ ಚಪ್ಪಲಿ ಮೇಲು: ಬರಿಗಾಲು ಒರೆಸಿದರೆ ಒಣಗುತ್ತದೆ, ನೆನೆದ ಬೂಟು ಮರುದಿನಕ್ಕೂ ಒಣಗುವುದಿಲ್ಲ.

ಮೇಲಿನ ಮಳೆಗಿಂತ ಕೆಳಗಿನ ಕೆಸರು ಹೆಚ್ಚು ನೆನೆಸುತ್ತದೆ ಎಂಬುದನ್ನೂ ಮರೆಯಬಾರದು. ಚೆನ್ನೈನ ಅಂಬತ್ತೂರಿನಲ್ಲಿ 1949ರಲ್ಲಿ ಸ್ಥಾಪನೆಯಾದ ಟಿಐ ಸೈಕಲ್ಸ್ ಕಂಪನಿಯ ಹರ್ಕ್ಯುಲಿಸ್‌ನಂಥ ಹಳೆಯ ಕರಿ ಸೈಕಲ್ಲುಗಳಿಗೆ ಉದ್ದನೆಯ ಮಡ್‌ಗಾರ್ಡು, ಪೂರ್ತಿ ಚೈನ್‌ಕವರು ಇರುತ್ತಿದ್ದವು. ದಿನದ ಓಡಾಟದಲ್ಲಿ ಕಾಲು ಪಾಲಿಗಿಂತ ಹೆಚ್ಚನ್ನು ಸೈಕಲ್ಲಿನಲ್ಲೇ ಮುಗಿಸುವ, ಮಳೆಗೆ ಹೆಸರಾದ ನೆದರ್‌ಲ್ಯಾಂಡ್ಸಿನಲ್ಲಿ ದಿನಬಳಕೆಯ ಸೈಕಲ್ಲುಗಳು ಈಗಲೂ ಹಾಗೇ ಇವೆ. ನಾವು ಮಾತ್ರ ಗೇರಿನ ದಪ್ಪ ಟೈರಿನ ಸೈಕಲ್ಲಿಗೆ ಮರುಳಾಗಿ ಮಡ್‌ಗಾರ್ಡನ್ನು ಕಳಚಿಬಿಟ್ಟೆವು. ಅದನ್ನು ಮತ್ತೆ ಹಾಕಿಸುವುದು ಅಗ್ಗದ ಕೆಲಸ, ಯಾವ ಕೋಟಿಗಿಂತಲೂ ಹೆಚ್ಚು ಫಲ ಕೊಡುವ ಕೆಲಸ.

ಇಷ್ಟೆಲ್ಲ ಮಾಡಿಯೂ ಹುಡುಗಿ ಶಾಲೆಗೆ ಬರುವಾಗ ಅವಳ ಚೂಡಿದಾರದ ಕೆಳಗಿನರ್ಧ, ತೋಳು, ಜಡೆ ನೆನೆದಿರುತ್ತವೆ. ಅವಳ ಬಟ್ಟೆಯಲ್ಲಿ 300 ಗ್ರಾಂ ನೀರು ಉಳಿದಿದೆ ಎಂದಿಟ್ಟುಕೊಳ್ಳೋಣ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋ ಕ್ಯಾಲೊರಿ ಶಾಖ ಬೇಕು, 300 ಗ್ರಾಮಿಗೆ 170ರಷ್ಟು. ಸುಮ್ಮನೆ ಕುಳಿತ ಮೈ ಗಂಟೆಗೆ ಹುಟ್ಟಿಸುವುದು 60ರಿಂದ 70. ಸ್ವಲ್ಪ ಶಾಖ ಸುತ್ತಲ ಗಾಳಿಯಿಂದ ಬರುತ್ತದೆಂದು ಬಿಟ್ಟರೂ, ಬಟ್ಟೆ ಮೈಮೇಲೇ ಒಣಗಬೇಕಾದರೆ ಬೆಳಗಿನ ಒಂದೆರಡು ಪೀರಿಯಡ್ಡಿನಲ್ಲಿ ಅವಳ ದೇಹ ಹುಟ್ಟಿಸುವ ಶಾಖವೆಲ್ಲ ಆ ಬಟ್ಟೆಗೇ ಹೋಗುತ್ತದೆ. ಅದು ಬಂದದ್ದು ಬೆಳಿಗ್ಗೆ ಅವಳು ತಿಂದ ಮುದ್ದೆಯಿಂದ, ಅನ್ನದಿಂದ. ತಿಂದದ್ದು ಲೆಕ್ಕ ಕಲಿಯಲು ಬೇಕಾಗಿತ್ತು, ಬಟ್ಟೆ ಒಣಗಿಸುವುದಕ್ಕಲ್ಲ. ನೆಗಡಿ ಬರುವುದು ವೈರಸ್ಸಿನಿಂದ, ನೆನೆದದ್ದರಿಂದಲೇ ಅಲ್ಲ ಎಂದು ತಿಳಿದವರು ಹೇಳುತ್ತಾರೆ. ಅದು ಸರಿಯೇ. ಆದರೆ ನೆಗಡಿ ಬರದಿದ್ದರೂ ನಡುಗುತ್ತ ಕೂತ ಮಕ್ಕಳಿಗೆ ಪಾಠ ಹತ್ತುವುದಿಲ್ಲ.

ಮಳೆ ಬಂದರೆ ಕಲೆಕ್ಟರು ರಜೆ ಕೊಡುತ್ತಾರಲ್ಲ ಎನ್ನಬಹುದು. ರಜೆ ಸಿಗುವುದು ಭಾರೀ ಮಳೆಯ ಮುನ್ಸೂಚನೆಗೆ. ಸೋನೆಗೆ ಯಾರೂ ರಜೆ ಕೊಡುವುದಿಲ್ಲ, ಕೊಡಲೂಬಾರದು, ಹಿಂಗಾರಿನಲ್ಲಿ ಶಾಲೆಯೇ ನಡೆಯದಂತಾದೀತು. ಉಚಿತ ಬಸ್ ಪಾಸು ಇದೆ, ಆದರೆ ಬಸ್ಸು ಬಾರದ ದಾರಿಯವರಿಗೇ ಸೈಕಲ್ ಬೇಕಾಗಿರುವುದು. ನಮ್ಮ ಕಾಲದಲ್ಲಿ ನಾವೂ ನೆನೆದುಕೊಂಡೇ ಓದಿದೆವು ಎನ್ನುವ ಹಿರಿಯರ ಮಾತು ನನಗೆ ಎಲ್ಲಕ್ಕಿಂತ ಒಪ್ಪಿಗೆಯಾಗದ್ದು. ಓದಿದವರು ಹಾಗೆ ಹೇಳುತ್ತಾರೆ. ನೆನೆದು ನೆನೆದು ಸಾಕಾಗಿ ಶಾಲೆ ಬಿಟ್ಟವರ ಮಾತನ್ನು ಕೇಳಿದವರು ಯಾರು?

ಮಳೆ, ಚಳಿಯಿಂದ ಕಾಯುವುದೂ ಶಿಕ್ಷಣದ ಖರ್ಚೇ ಎಂಬುದನ್ನು ಸರ್ಕಾರ ಆಗಲೇ ಒಪ್ಪಿದೆ. ಗುಡ್ಡಗಾಡಿನ ಶಾಲೆಗಳ ಎಂಟನೇ ತರಗತಿವರೆಗಿನ ಮಕ್ಕಳಿಗೆ ಸ್ವೆಟರು, ರೈನ್‌ಕೋಟು, ಬೂಟು ಕೊಡುವ ಯೋಜನೆ ತಮಿಳುನಾಡಿನಲ್ಲಿದೆ. ಬಿಸಿಯೂಟದ ಮಕ್ಕಳಿಗೆ ವರ್ಷಕ್ಕೆ ನಾಲ್ಕು ಜೊತೆ ಸಮವಸ್ತ್ರವೂ ಉಂಟು, ಅದೂ ಎಂಟನೆಯವರೆಗೆ. ಸೈಕಲ್ ಸಿಗುವುದು ಹನ್ನೊಂದರಲ್ಲಿ. ಮಳೆಗೆ ಒಡ್ಡಿಕೊಳ್ಳುವ ವಯಸ್ಸಿಗೆ ಬದಲಿ ಬಟ್ಟೆ ನಿಂತುಹೋಗಿರುತ್ತದೆ. ಬಟ್ಟೆಯ ಯೋಜನೆಯನ್ನೂ ಸೈಕಲ್ಲಿನ ಯೋಜನೆಯನ್ನೂ ಒಂದೇ ಸರ್ಕಾರ ನಡೆಸುತ್ತಿದ್ದರೂ ಒಂದು ಇನ್ನೊಂದನ್ನು ನೋಡಿದಂತಿಲ್ಲ. ಸೈಕಲ್ಲಿನ ಜೊತೆಗೆ ಒಂದು ಹೊದಿಕೆ ಮತ್ತು ಒಂದು ಜೊತೆ ಬಟ್ಟೆ ಕೊಟ್ಟರೆ ಖರ್ಚು ಹೆಚ್ಚುವುದು ಸ್ವಲ್ಪವೇ.

ಅದಕ್ಕೆ ಆದೇಶ ಚೆನ್ನೈಯಿಂದ ಬರಬೇಕು, ಕಾಯಬೇಕಾದೀತು. ಕಾಯದೆ ಮಾಡಬಹುದಾದ ಕೆಲಸ ಊರಲ್ಲೇ ಇದೆ. ಶಾಲೆಯಲ್ಲಿ ಒಂದು ಕೋಣೆ, ಅಥವಾ ಕೋಣೆಯ ಒಂದು ಮೂಲೆಗೆ ಪರದೆ. ಗೋಡೆಯಿಂದ ಗೋಡೆಗೆ ಎರಡು ಹಗ್ಗ, ಒಂದು ಫ್ಯಾನು, ಒರೆಸಿಕೊಳ್ಳಲು ಟವೆಲು. ಹುಡುಗಿಯರಿಗೆ ಒಳಗಿನಿಂದ ಚಿಲಕ ಹಾಕುವ ಬಾಗಿಲು ಇರಲೇಬೇಕು, ಅದಿಲ್ಲದಿದ್ದರೆ ಅವರು ಬದಲಾಯಿಸುವುದೇ ಇಲ್ಲ. ಮಳೆಯ ದಿನ ಸಮವಸ್ತ್ರವಲ್ಲದ ಒಣ ಬಟ್ಟೆಯಲ್ಲಿ ತರಗತಿಗೆ ಕೂರಲು ಹೆಡ್‌ಮಾಸ್ಟರರ ಅನುಮತಿ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಜೊತೆ ಬಟ್ಟೆ ಬ್ಯಾಗಿನ ತಳದಲ್ಲಿ ಇರುವಂತೆ ನೋಡಿಕೊಳ್ಳುವುದು ಮನೆಯವರ ಪಾಲು. ಹೂವಿನ ತೋಟ, ಸಣ್ಣ ಕಾರ್ಖಾನೆ ನಡೆಸುವವರೂ ತಮ್ಮಲ್ಲಿ ಸೈಕಲ್ಲಿನಲ್ಲಿ ಬರುವ ಕೂಲಿಯವರಿಗೆ ಇಷ್ಟನ್ನು ಮಾಡಿಕೊಡಲಿ, ಮೇಲೊಂದು ಲೋಟ ಬಿಸಿ ಟೀ ಕೊಡಲಿ. ಶಾಲೆ ತೆರೆಯುವುದು ಜೂನಿನಲ್ಲಿ, ಹಿಂಗಾರು ಹಿಡಿಯುವುದು ಅಕ್ಟೋಬರಿನಲ್ಲಿ. ಹಗ್ಗ ಕಟ್ಟಿ, ಚಿಲಕ ಹಾಕಿಸಲು ನಡುವೆ ನಾಲ್ಕು ತಿಂಗಳಿವೆ. ಉದ್ದನಪಲ್ಲಿಯ ಸುತ್ತಿನ ಶಾಲೆಗಳ ಪೋಷಕರು ಮುಂದಿನ ಸಭೆಯಲ್ಲಿ ಇದೊಂದನ್ನು ಕೇಳಲಿ.